ಅಕ್ಕನಿಗೆ ನಾನು ಹಾಕಿಕೊಟ್ಟ ಕಿವಿ

ನಾನು ಹುಟ್ಟಾ ಪುಕ್ಕಲ. ಅದಕ್ಕೇ ಇರಬೇಕು, ಅಲಾರಂ ಕೂರಿಸುವ ಕೆಲಸ ನನಗೆ ಒಗ್ಗಿತು. ದಾಂಡೇಲಿಯಲ್ಲಿ ಮೋಟರ್ ವೈಂಡಿಂಗ್ ಮಾಡಿಕೊಂಡಿದ್ದವನು ಕ್ಯಾಮೆರಾ, ಅಲಾರಂ ಕಡೆ ಹೊರಳಿಕೊಂಡೆ. ಯಾರದೇ ಮನೆಗೆ ಹೋಗಲಿ, ಕಳ್ಳ ಎಲ್ಲಿಂದ ನುಗ್ಗಬಹುದು ಎಂಬುದೇ ನನಗೆ ಮೊದಲು ಹೊಳೆಯುತ್ತದೆ. ಕಳ್ಳನಾಗುವಷ್ಟು ಧೈರ್ಯ ಇರಲಿಲ್ಲ, ಅಷ್ಟೇ.

ಅಕ್ಕ ನನಗೆ ತದ್ವಿರುದ್ಧ. ಚಿಕ್ಕವಳಿದ್ದಾಗ ಜ್ವರ ಬಂದು ಅವಳ ಎರಡೂ ಕಿವಿ ಹೋದವು. ತುಟಿ ನೋಡಿ ಮಾತು ತಿಳಿಯುತ್ತಾಳೆ, ತಿರುಗಿ ಜೋರಾಗಿ ಉತ್ತರ ಕೊಡುತ್ತಾಳೆ. ಗಣೇಶಗುಡಿಯಲ್ಲಿ ಒಬ್ಬಳೇ ಇದ್ದುಕೊಂಡು ಖಾನಾವಳಿ ನಡೆಸುತ್ತಾಳೆ. ನದಿಯಲ್ಲಿ ರಾಫ್ಟ್ ನಡೆಸುವವರು, ಅರಣ್ಯ ಗಾರ್ಡುಗಳು ಮಧ್ಯಾಹ್ನ ಉಂಡು ಹೋದಮೇಲೆ ಎರಡು ತಾಸು ಮಲಗುವುದು ಅವಳ ರೂಢಿ. ಮಲಗುತ್ತಿದ್ದುದು ನೆಲದ ಮೇಲೆ, ಹಿಂಬಾಗಿಲಿಗೆ ಬೆನ್ನು ಹಚ್ಚಿ. ಅವ್ವ ಕಲಿಸಿದ್ದು ಅದು. ಯಾರಾದರೂ ಬಾಗಿಲು ಮುಟ್ಟಿದರೆ ಕಿವಿಗೆ ಗೊತ್ತಾಗದಿದ್ದರೂ ಬೆನ್ನಿಗೆ ಗೊತ್ತಾಗುತ್ತದೆ.

ಅವಳ ಈಗಿನ ಮನೆ ಮೊದಲು ಹೋಮ್‌ಸ್ಟೇ ಆಗಿತ್ತು. ಹಿಂಬಾಗಿಲು ಪೂರ್ತಿ ಗಾಜು. ಅಕ್ಕ ಅದಕ್ಕೂ ಬೆನ್ನು ಹಚ್ಚಿ ಮಲಗಿದ್ದನ್ನು ನೋಡಿ ನನ್ನ ಜೀವ ಹೋಯಿತು. ಗಾಜು ಒಡೆದರೆ ಸಪ್ಪಳ ಹಿಡಿಯುವ ಡಿಟೆಕ್ಟರನ್ನು ಗೋಡೆಗೆ ಕೂರಿಸಿದೆ. ಸೈರನ್ ಇವಳಿಗೆ ಯಾವ ಉಪಯೋಗಕ್ಕೆ? ಅದರ ಬದಲು ಮಂಚದ ಎದುರು ಕೆಂಪು ದೀಪ, ದಿಂಬಿನಡಿ ನಡುಗುವ ಒಂದು ಬಿಲ್ಲೆ ಇಟ್ಟೆ. 'ಇನ್ನ ಮ್ಯಾಲೆ ನೆಲದ ಮ್ಯಾಗ ಮಲಗೂದು ಬ್ಯಾಡ. ಇದು ನಿನ್ನ ಪಾಲಿಂದು ಕೇಳಿಸ್ಕೊಂತೈತಿ' ಎಂದೆ. ಎಷ್ಟು ಜಂಬದಿಂದ ಹೇಳಿದೆನೋ!

ಮೊದಮೊದಲು ಅದು ಅತಿಯಾಗಿ ಚುರುಕಾಗಿತ್ತು. ಸ್ಟೀಲಿನ ತಾಟು ಕೈಜಾರಿ ಬಿದ್ದರೂ ದೀಪ ಹತ್ತುತ್ತಿತ್ತು. ಅಕ್ಕ ನಗುತ್ತಿದ್ದಳು. ನಾನು ಹೋದಾಗಲೆಲ್ಲ ಗಾಜು ಒಡೆದ ಸದ್ದು ಮಾಡುವ ಟೆಸ್ಟರ್ ಹಿಡಿದು ನೋಡುತ್ತಿದ್ದೆ, ದೀಪ ತಪ್ಪದೆ ಹತ್ತುತ್ತಿತ್ತು. ಸುಮ್ಮಸುಮ್ಮನೆ ಬಡಿದುಕೊಳ್ಳುವುದೇ ಅದರ ದೋಷ ಎಂದು ತಿಳಿದಿದ್ದೆ. ಬೇಕಾದ ಹೊತ್ತಿಗೆ ಅದು ಸುಮ್ಮನಿದ್ದುಬಿಡಬಹುದು ಎಂಬ ಯೋಚನೆ ಬರಲಿಲ್ಲ.

ಆಮೇಲೆ ಮುಸಿಯಾ ಮಂಗಗಳ ಕಾಟ ಶುರುವಾಯಿತು. ಗಾಜಿನಲ್ಲಿ ತಮ್ಮದೇ ಬಿಂಬ ಕಂಡು, ಬೇರೆ ಮಂಗ ಬಂದಿದೆಯೆಂದು ಬಾಗಿಲಿಗೆ ಹಾರಿ ಬಡಿಯುತ್ತಿದ್ದವು. ನಮ್ಮ ಕಡೆ ಎಲ್ಲರೂ ಮಾಡುವಂತೆ ನಾನೂ ಗಾಜಿನ ಎರಡೂ ಬದಿಗೆ ಬಿಂಬ ಕಾಣದಂಥ ಮಸುಕು ಫಿಲ್ಮ್ ಅಂಟಿಸಿದೆ. ಮಂಗಗಳ ಜಗಳ ಮುಗಿಯಿತು ಎಂದು ಚಹಾ ಕುಡಿದು ಬಂದೆ.

ಒಂದು ಶುಕ್ರವಾರ ಹಳಿಯಾಳದಲ್ಲಿ ಕೆಲಸವಿತ್ತು. ಅಲ್ಲಿನ ಒಂದು ಬಟ್ಟೆ ಅಂಗಡಿಗೂ ನಾನೇ ಅಲಾರಂ ಹಾಕಿದ್ದೆ. ಅಂಗಡಿಯ ಸಾಹೇಬರು ಅಲಾರಂ ಚಾಲೂ ಮಾಡಿ ನಮಾಜಿಗೆ ಹೋಗಿ ಬರುವಷ್ಟರಲ್ಲಿ, ಕಬ್ಬಿನ ಟ್ರೇಲರ್ ಹಿಂದಕ್ಕೆ ಬಂದು ಮುಂದಿನ ಗಾಜಿಗೆ ಗುದ್ದಿತ್ತು. ನನ್ನನ್ನು ಕರೆಸಿದರು.

'ಗಾಜು ನುಚ್ಚು ಆಗೈತಿ, ನಿಮ್ಮ ಪೆಟಗಿ ಪಿಟ್ ಅಂದಿಲ್ಲ ನೋಡ್ರಿ' ಎಂದರು.

ಗಾಜು ತುಂಬ ಬಿರುಕು, ಆದರೆ ಒಂದು ಚೂರೂ ಕೆಳಗೆ ಬಿದ್ದಿರಲಿಲ್ಲ. ಬಿಸಿಲಿಗೆಂದು ಅಂಟಿಸಿದ್ದ ಫಿಲ್ಮ್ ಎಲ್ಲವನ್ನೂ ಹಿಡಿದುಕೊಂಡಿತ್ತು. ಡಿಟೆಕ್ಟರ್ ಮೊದಲು ಪೆಟ್ಟಿನ ಸದ್ದು, ಅದರ ಬೆನ್ನಿಗೇ ಚೂರುಗಳ ಖಣಖಣ ಕೇಳಬೇಕು. ಎರಡೂ ಸೇರಿದರೇ ಗಾಜು ಒಡೆಯಿತೆಂದು ಅದು ನಂಬುವುದು. ಚೂರು ಬೀಳದಿದ್ದರೆ ಪಾಪ ಅದೇನು ಕೇಳೀತು? ನನ್ನ ಟೆಸ್ಟರ್ ಮಾಡುತ್ತಿದ್ದುದು ಫಿಲ್ಮ್ ಇಲ್ಲದ ಗಾಜಿನ ಸದ್ದು.

ಅಕ್ಕನ ಬಾಗಿಲು ನೆನಪಾಯಿತು. ಅದು ಅವಳು ಮಲಗುವ ಹೊತ್ತು. ಮೊಬೈಲಿಗೆ ಮೆಸೇಜು ಹಾಕಿದೆ, ಮುಟ್ಟಲಿಲ್ಲ. ಸಾಹೇಬರಿಗೆ ಏನು ಹೇಳಿದೆನೋ ನೆನಪಿಲ್ಲ, ಬೈಕು ಹತ್ತಿದೆ. ಇಷ್ಟು ದಿನ ಏನೂ ಆಗಿಲ್ಲ, ಇವತ್ತೇ ಏನು ಆಗುತ್ತದೆ ಎಂದು ದಾಂಡೇಲಿಯವರೆಗೆ ಸಮಾಧಾನ ಹೇಳಿಕೊಂಡೆ. ದಾಂಡೇಲಿ ದಾಟಿ ಕಾಡು ಶುರುವಾದಮೇಲೆ ಆ ಸಮಾಧಾನವೂ ಉಳಿಯಲಿಲ್ಲ. ದೇವರೇ, ಆ ಫಿಲ್ಮ್ ಅಂಟಿಸಿದ ಕೈ ಮುರಿದು ಹೋಗಲಿ ಎಂದು ಬಾಯಿಬಿಟ್ಟೇ ಹೇಳಿದೆ.

ನೇರ ಹಿತ್ತಲಿಗೆ ಓಡಿದೆ. ಹಿಂಬಾಗಿಲಿನ ಗಾಜು ಚಿಲಕದ ಹತ್ತಿರ ಪೂರಾ ಬಿರುಕು ಬಿಟ್ಟಿತ್ತು. ಕೆಳಗೆ ಒಂದು ಇಟ್ಟಿಗೆ. ಮುಸಿಯಾ ಇಟ್ಟಿಗೆ ಹಿಡಿಯುವುದಿಲ್ಲ. ಬಿರುಕಿನ ಗುಂಟ ಹೊರಗಿನ ಫಿಲ್ಮನ್ನು ಗೇಣುದ್ದ ಕೊಯ್ದಿದ್ದರು. ಒಳಗಿನದನ್ನು ಕೊಯ್ಯುವ ಮೊದಲು ಯಾಕೆ ಬಿಟ್ಟು ಹೋದರೋ, ನನ್ನ ಬೈಕಿನ ಸದ್ದಿಗೋ, ಮತ್ತೇನಕ್ಕೋ, ಇವತ್ತಿಗೂ ಗೊತ್ತಾಗಿಲ್ಲ. ಇಟ್ಟಿಗೆಯನ್ನು ಕಾಲಿನಿಂದ ಸರಿಸಿದೆ, ಅದರ ಅಡಿಯ ಹುಲ್ಲು ಇನ್ನೂ ಹಸಿರಾಗಿತ್ತು, ಬಿದ್ದು ಬಹಳ ಹೊತ್ತಾಗಿರಲಿಲ್ಲ.

ನನ್ನ ಹತ್ತಿರ ಇದ್ದ ಕೀಲಿಯಿಂದ ಮುಂಬಾಗಿಲು ತೆಗೆದು ಒಳಗೆ ಹೋದೆ. ಅಕ್ಕ ಮಂಚದ ಮೇಲೆ ನಿದ್ದೆ ಹೋಗಿದ್ದಳು, ಒಂದು ಕೈ ದಿಂಬಿನಡಿಯ ಬಿಲ್ಲೆಯ ಮೇಲೆ. ಕಾಲು ಮುಟ್ಟಿದೆ. ಕಣ್ಣು ಬಿಟ್ಟವಳು ನನ್ನನ್ನು ನೋಡುವ ಮೊದಲು ದೀಪ ನೋಡಿದಳು.

'ದೀಪ ಹತ್ತಿಲ್ಲಲಾ, ಯಾಕ ಹಿಂಗ ಬೆವತೀ ತಮ್ಮಾ?'

ಕೈಹಿಡಿದು ಬಾಗಿಲ ಬಳಿ ಕರೆದೊಯ್ದೆ. ಬಿರುಕಿನ ಮೇಲೆ ಬೆರಳಾಡಿಸಿದಳು, ಕೊಯ್ದ ಜಾಗದಲ್ಲಿ ಬೆರಳು ನಿಂತಿತು. ಆಮೇಲೆ ಗೋಡೆಯ ಪೆಟ್ಟಿಗೆಯ ಕಡೆ ತಿರುಗಿದಳು.

'ಇದಕ್ಕ ಕೇಳಿಸಿಲ್ಲೇನು?'

ಇಲ್ಲ ಎಂದು ತಲೆಯಾಡಿಸಿದೆ.

'ಪಾಪ, ಇದೂ ನನ್ನಂಗ ಐತಿ.'

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಗಿಲ ಹೊರಗೆ ಒಬ್ಬ ಇಟ್ಟಿಗೆ ಎತ್ತಿದಾಗ ಒಳಗೆ ಅವಳು ನನ್ನ ಮಾತು ನಂಬಿ ನಿದ್ದೆ ಮಾಡುತ್ತಿದ್ದಳು. ಪೊಲೀಸರಿಗೆ ಫೋನ್ ಮಾಡುವಾಗ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಬರುತ್ತೇವೆ ಎಂದರು. ಅಷ್ಟರಲ್ಲಿ ಅಕ್ಕ ಮೂಲೆಯಲ್ಲಿದ್ದ ಹಳೇ ಚಾಪೆ ತಂದು ಬಾಗಿಲ ಬುಡದಲ್ಲಿ ಹಾಸಿದಳು. ನಾನು ಅವಳನ್ನು ಪಕ್ಕಕ್ಕೆ ಸರಿಸಿ ಅದರ ಮೇಲೆ ಕುಳಿತೆ. ಅವಳು ದಿಂಬಿನಡಿಯಿಂದ ಬಿಲ್ಲೆ ತಂದು ನನ್ನ ಕೈಯಲ್ಲಿಟ್ಟಳು.

'ನೀನ ಇಟ್ಕೋ. ಅಂಜಿಕಿ ನಿನಗ ಜಾಸ್ತಿ' ಎಂದಳು. ಚಹಾ ಇಡಲು ಒಳಗೆ ಹೋದಳು. ಪೊಲೀಸರು ಬರುವವರೆಗೂ ನಾನು ಆ ಬಾಗಿಲಿಗೆ ಬೆನ್ನು ಹಚ್ಚಿ ಕುಳಿತೇ ಇದ್ದೆ.