ಬೆಲ್ಲದ ಜತೆ ಬಂದ ಬಾಟಲಿ

ಮೊನ್ನೆ ಉಜಿರೆಯ ನಮ್ಮ ಕಾಲೇಜಿನಲ್ಲಿ ಹುಡುಗಿಯೊಬ್ಬಳು ‘ಉದ್ಯಮಗಳಿಗೆ ಪರಿಸರ ನಿರ್ವಹಣಾ ವ್ಯವಸ್ಥೆ: ಲಾಭವೋ, ಹೊರೆಯೋ’ ಎಂದು ಪ್ರಬಂಧ ಓದುವ ಮೊದಲು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು. ಟಕ್ ಎಂದಿತು. ಆಮೇಲೆ ಅವಳು ಓದಿದ್ದು ನನ್ನ ಕಿವಿಗೆ ಬಿದ್ದಿದ್ದರೆ ಕೇಳಿ. ವಾಣಿಜ್ಯದ ಮೇಷ್ಟ್ರಾದ ನಾನು ಮನಸ್ಸಿನಲ್ಲಿ ಆಗಲೇ ಐದಾರು ವರ್ಷ ಹಿಂದಕ್ಕೆ ಹೋಗಿ, ಮೆಲ್ಕಾರಿನ ಹತ್ತಿರ, ನನ್ನ ಸೋದರಮಾವನ ಅಕ್ಕಿ ಗಿರಣಿಯಲ್ಲಿದ್ದೆ.

ಕುಚ್ಚಲಕ್ಕಿಗೆ ಭತ್ತ ನೆನೆಹಾಕಿದ ನೀರಿನ ಹುಳಿವಾಸನೆ ನಿಮಗೆ ಗೊತ್ತುಂಟಲ್ಲ? ಮಾವನಿಗೆ ಅದು ವಾಸನೆಯೇ ಅಲ್ಲ. ಆ ನೀರನ್ನು ಗಿರಣಿಯ ಹಿಂದೆ ಹರಿಯುವ ತೋಡಿಗೆ ಬಿಡುತ್ತಿದ್ದರು. ನಮ್ಮಲ್ಲಿ ಅಕ್ಕಿ ತೊಳೆದ ನೀರನ್ನೂ ಚೆಲ್ಲುವುದಿಲ್ಲ, ದನಕ್ಕೆ ಇಡುತ್ತೇವೆ. “ದನ ಕುಡಿಯುವ ನೀರು ಮಾರಾಯ, ಅದಕ್ಕೆಂಥ ಟ್ಯಾಂಕಿ, ಅದಕ್ಕೆಂಥ ಸರ್ಟಿಫಿಕೇಟು?” ಎನ್ನುತ್ತಿದ್ದರು. ಪರಿಸರ ನಿರ್ವಹಣೆಯ ಸರ್ಟಿಫಿಕೇಟು ಕೇಳಿದ್ದು ದುಬೈಗೆ ಅಕ್ಕಿ ಕಳಿಸುವ ವ್ಯಾಪಾರಿ. ನಾನು ಪಾಠ ಮಾಡುವ ಗತ್ತಿನಲ್ಲೇ ವಿವರಿಸಿದೆ: ಒಂದು ಕಡೆ ಆ ನೀರು ಶುದ್ಧ ಮಾಡುವ ಟ್ಯಾಂಕಿ, ಪಂಪು, ವರ್ಷವರ್ಷ ತಪಾಸಣೆಗೆ ಬರುವವರ ಫೀಸು, ಇನ್ನೊಂದು ಕಡೆ ಉಳಿಯುವ ನೀರು, ಬಾಯ್ಲರಿನಲ್ಲಿ ಸುಡದೆ ಉಳಿಯುವ ಉಮಿ, ಸಿಕ್ಕಿದರೆ ಹೊಸ ಗಿರಾಕಿ. ಕೈಯಿಂದಲೇ ದುಡ್ಡು ಹೋಗುತ್ತದೆ, ಬೇಡ ಎಂದೆ. ಮಾವ ನಿರಾಳವಾಗಿ ಎಲೆಅಡಿಕೆ ಹಾಕಿಕೊಂಡರು.

ಅದೇ ಸಂಜೆ ತೋಡಿನಾಚೆಯ ಲಿಲ್ಲಿ ಬಾಯಿಯವರ ಮನೆಗೆ ಹೋದೆವು, ಅವರ ಮಗಳ ಮದುವೆಗೆ ಅಕ್ಕಿ ಎಷ್ಟು ಬೇಕೆಂದು ಕೇಳಲಿಕ್ಕೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು, ಮಾತು ಆಮೇಲೆ. ಅವರು ಬೆಲ್ಲ ತಂದರು. ಪಕ್ಕದಲ್ಲಿ ಅಂಗಡಿಯ ನೀರಿನ ಬಾಟಲಿ ಇಟ್ಟರು.

“ಚೊಂಬಿನಲ್ಲೇ ಕೊಡಿ ಬಾಯಿ, ನಾವೇನು ಹೊಸಬರಾ?” ಎಂದರು ಮಾವ.

“ತೋಡಿನದು ಇಳಿದು ಬಾವಿ ನೀರು ವಾಸನೆ ಬರ್ತದೆ ಅಣ್ಣ. ನಿಮಗೆ ಹೇಗೆ ಹೇಳುವುದು ಅಂತ ಸುಮ್ಮನಿದ್ದೆ. ಮದುವೆ ಅಡುಗೆಗೆ ಟ್ಯಾಂಕರಿಗೆ ಹೇಳಿದ್ದೇವೆ.”

ಬೈದಿದ್ದರೆ ಮಾವ ಎರಡರಷ್ಟು ಬೈಯುತ್ತಿದ್ದರು, ಆ ಗುಣ ಅವರಿಗುಂಟು. ಲಿಲ್ಲಿ ಬಾಯಿ ಬೈಯಲಿಲ್ಲ. ಮಾವ ಬೆಲ್ಲ ತಿಂದರು, ಬಾಟಲಿ ಮುಟ್ಟಲಿಲ್ಲ. ನನಗೂ ನಾಚಿಕೆಯಾಯಿತು.

ಮರುದಿನವೇ ಟ್ಯಾಂಕಿ ಕಟ್ಟುವವರನ್ನು ಕರೆಸಿದರು. ಆದರೆ ಮದುವೆ ಟ್ಯಾಂಕರ್ ನೀರಿನಲ್ಲೇ ಆಯಿತು. ಸರ್ಟಿಫಿಕೇಟು ಬರುವಷ್ಟರಲ್ಲಿ ದುಬೈ ವ್ಯಾಪಾರಿ ಬೇರೆ ಗಿರಣಿ ಹಿಡಿದಿದ್ದ. ಉಮಿ ಉಳಿಯುವುದು ನಿಜ, ನೀರು ಉಳಿಯುವುದೂ ನಿಜ. ಫೀಸು ಕಟ್ಟುವಾಗಲೆಲ್ಲ ಮಾವ ನನ್ನನ್ನು ಬೈಯುವುದೂ ನಿಜ, ಬೇಡವೆಂದವನು ನಾನೇ ಆದರೂ. ಬಾವಿ ತಿಳಿಯಾಗಲು ಮೂರ್ನಾಲ್ಕು ಮಳೆಗಾಲಗಳೇ ಬೇಕಾದವು.

“ಲಾಭವೇ ಹೆಚ್ಚು ಅಲ್ವಾ ಸರ್?” ಅಷ್ಟರಲ್ಲಿ ಹುಡುಗಿ ಪ್ರಬಂಧ ಓದಿ ಮುಗಿಸಿ ಕೇಳುತ್ತಿದ್ದಳು. ಸೋಮವಾರ ಹೇಳ್ತೇನೆ ಎಂದು ಜಾರಿಕೊಂಡೆ.

ಭಾನುವಾರ ಮಾವನ ಜತೆ ಲಿಲ್ಲಿ ಬಾಯಿಯವರ ಮನೆಗೆ ಹೋದೆ. ಬೆಲ್ಲ ಬಂತು, ಚೊಂಬಿನಲ್ಲಿ ಬಾವಿ ನೀರೂ ಬಂತು. ಮಾವ ಮೊದಲು ಮೂಸಿ ನೋಡಿದರು. ಬಾಟಲಿ ಕಂಡ ದಿನದಿಂದ ಬಂದ ಆ ಅಭ್ಯಾಸ ಇನ್ನೂ ಹೋಗಿಲ್ಲ. ಆಮೇಲೆ ಒಂದೇ ಉಸಿರಿಗೆ ಕುಡಿದು, ಬೆಲ್ಲವನ್ನೇ ಮರೆತು, ಚೊಂಬು ಮುಂದೆ ಚಾಚಿದರು.

“ಇನ್ನೊಂದು ಕೊಡಿ ಬಾಯಿ.”