ನರ್ಸಮ್ಮನ ‘ಸರೌಂಡೆಡ್ ಬೈ ಪೀಪಲ್’

ಮಗಳ ಬಾಣಂತನಕ್ಕೆಂದು ತಂದ ಸಾಮಾನಿನಲ್ಲಿ ಮೊನ್ನೆ ಕಾರ್ಬಾಲಿಕ್ ಸೋಪಿನ ಪೊಟ್ಟಣ ಬಿಚ್ಚಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮಧುಗಿರಿಯ ನಮ್ಮ ನರ್ಸಮ್ಮ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತಂತಾಯಿತು...

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಬೀದಿಯ ಹೆರಿಗೆಗಳಿಗೆಲ್ಲ ಅವರೇ. ಯಾವ ಮನೆಗೆ ಬಂದರೂ ಹೊಸಿಲಲ್ಲೇ ನಿಂತು, "ಸರೌಂಡೆಡ್ ಬೈ ಪೀಪಲ್! ಸರೌಂಡೆಡ್ ಬೈ ಪೀಪಲ್!" ಎಂದು ಸಿಡುಕುತ್ತಿದ್ದರು. ಕನ್ನಡದಲ್ಲಿ ಬೈದರೆ ಹಿರಿಯರು ನೊಂದುಕೊಂಡಾರೆಂದು ಇಂಗ್ಲಿಷು. ಸುತ್ತ ಜನ ಮುತ್ತಿಕೊಂಡಿದ್ದಾರೆ ಎಂದರ್ಥ ಎಂಬುದು ಹೆಂಗಸರಿಗೆಲ್ಲ ಗೊತ್ತಿತ್ತು. ನಲ್ಲಿಯ ಹತ್ತಿರ, ಮಿಡಿಗೇಶಿ ಬಸ್ಸಿನಲ್ಲಿ, ನೂಕುನುಗ್ಗಲಾದರೆ ಆ ಹೆಂಗಸರೂ ಅದನ್ನೇ ಬಳಸುತ್ತಿದ್ದರು. ಆದರೆ ಆ ಪೀಪಲ್‌ನಲ್ಲಿ ತಾನೂ ಒಬ್ಬಳೆಂದು ಒಪ್ಪಿದವರನ್ನು ನಾನು ಕಾಣೆ.

ನನ್ನ ಚೊಚ್ಚಲ ಹೆರಿಗೆಗೆ ತವರಿನ ನಡುಮನೆ ತುಂಬಿಹೋಗಿತ್ತು. ನಮ್ಮಲ್ಲೊಂದು ಕಟ್ಟಳೆ: ನೋವು ಶುರುವಾದ ಮೇಲೆ ಒಳಗೆ ಬಂದವರು ಮಗು ಹುಟ್ಟುವವರೆಗೆ ಎದ್ದು ಹೋಗಬಾರದು, ಹೋದರೆ ಹೆರಿಗೆ ಕಷ್ಟವಾಗುತ್ತದೆ. ಬರುವವರಿಗೆ ಮಾತ್ರ ಯಾವ ತಡೆಯೂ ಇಲ್ಲ. ನಾನೋ, ಆ ನೋವಿನಲ್ಲೂ ಇಷ್ಟು ಜನರ ಕಾಫಿಗೆ ಹಾಲು ಸಾಲುತ್ತದೋ ಇಲ್ಲವೋ ಎಂದು ಕೊರಗುತ್ತಿದ್ದೆ.

ನರ್ಸಮ್ಮ ನನ್ನ ಹೊಟ್ಟೆಯ ಮೇಲೆ ಮರದ ಕೊಳವೆಯಿಟ್ಟು ಕಿವಿಗೊಟ್ಟರು. "ವಸಿ ಸುಮ್ಕಿರ್ರಮ್ಮ, ಮಗೀನ ಎದೆ ಬಡ್ಕೊಳ್ಳೋದು ಕೇಳ್ಬೇಕು."

"ಸುಮ್ಕಿರ್ರೇ, ನರ್ಸಮ್ಮಂಗೆ ಕೇಳ್ಬೇಕಂತೆ!" ದೊಡ್ಡಮ್ಮ ಕೂಗಿದರು. ದೊಡ್ಡಮ್ಮನನ್ನು ಸುಮ್ಮನಿರಿಸಲು ಅತ್ತಿಗೆ ಇನ್ನೂ ಜೋರಾಗಿ ಕೂಗಿದರು. "ನನ್ ಮೂರ್ನೇದೂ ಇಂಗೇ ಕಣಮ್ಮ..." ಎಂದು ದೊಡ್ಡೇರಿಯ ಸೋದರತ್ತೆ ತಮ್ಮ ಕತೆ ತೆಗೆದರು.

ಕೊಳವೆ ಅತ್ತ ಸರಿಯಿತು, ಇತ್ತ ಸರಿಯಿತು. ನರ್ಸಮ್ಮನ ಮುಖ ಬಿಗಿಯಿತು. ಏನೂ ಕೇಳಿಸುತ್ತಿಲ್ಲ... ಈ ಗದ್ದಲಕ್ಕೋ, ಒಳಗೇ ಸದ್ದಿಲ್ಲವೋ? ನನ್ನ ಹಾಲಿನ ಚಿಂತೆ ಹಾರಿಹೋಯಿತು. ಎಲ್ಲರನ್ನೂ ಒದ್ದು ಹೊರಗೆ ಹಾಕೋಣವೆನಿಸಿತು, ಕಾಲೆತ್ತಲು ತ್ರಾಣವಿರಲಿಲ್ಲ.

"ಆಚೆಗೋಗಿ ಅಂದ್ರೆ ಹೋಗಾಕಿಲ್ವಾ?" ನರ್ಸಮ್ಮ ಗದರಿದರು.

"ಹೆಂಗೋಗದು ನರ್ಸಮ್ಮ? ಹುಡುಗೀಗೆ ಏನಾರ ಆಗ್ಬುಟ್ರೆ?" ಎಂದರು ದೊಡ್ಡಮ್ಮ.

"ಸರಿ, ನೀವು ಕುಂತಿರಿ. ಏಳವ್ವ, ನಾವೇ ಹೋಗನ."

ನನ್ನ ರಟ್ಟೆ ಹಿಡಿದೆಬ್ಬಿಸಿ, ಹಿತ್ತಲ ಸೌದೆ ಕೊಟ್ಟಿಗೆಗೆ ನಡೆಸಿ, ಒಳಗಿನಿಂದ ಅಗುಳಿ ಹಾಕಿದರು. ಗೋಣಿಚೀಲದ ಮೇಲೆ ಮಲಗಿಸಿ ಮತ್ತೆ ಕೊಳವೆಯಿಟ್ಟರು. ಎಷ್ಟು ಹೊತ್ತೋ...

"ಐತೆ ಕಣವ್ವ. ಕುದುರೆ ಓಡ್ದಂಗೆ ಓಡ್ತೈತೆ."

ಮಗಳು ಸೌದೆಯ ನಡುವೆ ಹುಟ್ಟಿದಳು. ಹೆಂಗಸರು ಕಟ್ಟಳೆ ಮುರಿಯಲಿಲ್ಲ. ಅಷ್ಟು ಹೊತ್ತೂ ನಡುಮನೆಯಲ್ಲಿ ಖಾಲಿ ಚಾಪೆಯ ಸುತ್ತ ಕೂತೇ ಇದ್ದರಂತೆ.

ಮುಂದೆ ನರ್ಸಮ್ಮನಿಗೆ ಪಾವಗಡಕ್ಕೆ ವರ್ಗವಾಯಿತು. ಅಲ್ಲೇ ತೀರಿಕೊಂಡರೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಈಗ ಇಪ್ಪತ್ತನಾಲ್ಕರ ಆ ಮಗಳಿಗೇ ದಿನ ತುಂಬುತ್ತಿದೆ. ಅತ್ತಿಗೆ, ನಾದಿನಿಯರೆಲ್ಲ ಬರುತ್ತೇವೆಂದು ಹೇಳಿಕಳಿಸಿದ್ದಾರೆ. ತಪಾಸಣೆಗೆ ಹೋದಾಗ ಆಸ್ಪತ್ರೆಯ ಚಿಕ್ಕ ವಯಸ್ಸಿನ ನರ್ಸು, "ಸ್ವಲ್ಪ ಆಚೆ ಇರ್ತೀರಾ ಅಮ್ಮಾ?" ಎಂದು ಮೆತ್ತಗೆ ಕೇಳಿದಳು. ನಾನು ಕದಲಲಿಲ್ಲ. ಹೆರಿಗೆಯ ದಿನವೂ ಕದಲುವವಳಲ್ಲ, ನನಗೆ ಗೊತ್ತು. ನನ್ನನ್ನು ಕೂತಲ್ಲೇ ಬಿಟ್ಟು ಮಗಳನ್ನು ಎಬ್ಬಿಸಿಕೊಂಡು ಹೋಗುವ ಎದೆಗಾರಿಕೆ ಈ ಹುಡುಗಿಗಿಲ್ಲ. ಇದ್ದವರು ಈಗಿಲ್ಲ.