ಸಾಲಾವಳಿ ಯಂತ್ರದ ಖಾಲಿ ಎಣಿಕೆ

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಡೂರು ಬಸ್ ಸ್ಟ್ಯಾಂಡಿನ ಎದುರಿದ್ದ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಒಂದು ಕಂಪ್ಯೂಟರ್ ಬಂತು. ಗಂಡು ಹೆಣ್ಣಿನ ಜಾತಕ ಹೋಲಿಸಿ ಸಾಲಾವಳಿ ನೋಡುವ ಪ್ರೋಗ್ರಾಮನ್ನು ಅದರಲ್ಲಿ ಬರೆದವನು ನಾನು. ಜಾತಕದಲ್ಲಿ ನನಗೆ ನಂಬಿಕೆ ಇರಲಿಲ್ಲ, ಪ್ರೋಗ್ರಾಮಿನ ಮೇಲೆ ಮಾತ್ರ ವಿಪರೀತ ಮೋಹ. ಮೊದಮೊದಲು ಅದು ಉತ್ತರ ಕೊಡುವಷ್ಟರಲ್ಲಿ ಬಂದವರು ಕಾಫಿ ಕುಡಿದು ಮುಗಿಸುತ್ತಿದ್ದರು. ತಲೆ ಕೆಡಿಸಿಕೊಂಡು ಕೂತು, ಮತ್ತೆ ಮತ್ತೆ ಮಾಡುತ್ತಿದ್ದ ಲೆಕ್ಕಗಳನ್ನೆಲ್ಲ ಮೊದಲೇ ಮಾಡಿಟ್ಟು, ಕೀ ಒತ್ತಿದ ಕೂಡಲೇ ಉತ್ತರ ಬರುವಂತೆ ಮಾಡಿದೆ. ನನ್ನನ್ನು ಹಿಡಿಯುವವರೇ ಇರಲಿಲ್ಲ.

ಆ ವಾರವೇ ಯಗಟಿ ಬಸ್ಸಿನಿಂದ ಇಳಿದು ಒಬ್ಬ ತಾಯಿ, ಮಗಳು ಬಂದರು. ಗಂಡು ಅಜ್ಜಂಪುರದ ಕಡೆಯವನು, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ ಎಂದು ತಾಯಿ ಹೇಳಿದರು. ಮಗಳು ನೆಲ ನೋಡುತ್ತಿದ್ದಳು. ನಾನು ಕೀಯಿಂದ ಬೆರಳು ತೆಗೆಯುವ ಮೊದಲೇ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಬಂತು. ಸಾಲಾವಳಿ ಚೆನ್ನಾಗಿ ಕೂಡಿದೆ ಎಂದು ಓದಿ ಹೇಳಿದೆ.

ತಾಯಿಯ ಮುಖ ಬಿಳಿಚಿಕೊಂಡಿತು. "ನಾವು ಬತ್ತೀವಿ ಅಂತ ಇದಕ್ಕೆ ಮೊದ್ಲೇ ಗೊತ್ತಿತ್ತೇನಪ್ಪಾ?"

ಎದ್ದು ಯಂತ್ರದ ಹಿಂದೆ ಇಣುಕಿದರು. ಅಲ್ಲಿ ಗೋಡೆ ಬಿಟ್ಟು ಏನೂ ಇರಲಿಲ್ಲ. ಮಗಳ ಕೈ ಹಿಡಿದುಕೊಂಡು ಹೊರಟೇಹೋದರು.

ಇನ್‌ಸ್ಟಿಟ್ಯೂಟಿನ ಯಜಮಾನರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಹಿಂಗೆ ಪಟಕ್ಕಂತ ಹೇಳಿದ್ರೆ ಯಾರ್ ನಂಬ್ತಾರೋ? ಯೋಚ್ನೆ ಮಾಡಿ ಹೇಳ್ದಂಗೆ ಕಾಣ್ಬೇಕು ಕಣೋ."

ನನಗೆ ಮೈಯೆಲ್ಲ ಉರಿಯಿತು. ಗಳಿಸಿದ ವೇಗ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಅದಕ್ಕೆ, ಕೂಡಲೇ ಸಿಗುವ ಉತ್ತರವನ್ನು ಒಳಗೇ ಬಚ್ಚಿಟ್ಟು, ಯಂತ್ರ ಸುಮ್ಮನೆ ಅಂಕಿ ಎಣಿಸುತ್ತ ಕೂರುವಂತೆ ಮಾಡಿದೆ. ಅಷ್ಟು ಹೊತ್ತೂ ಪರದೆಯ ಮೇಲೆ ಗ್ರಹಗಳ ಹೆಸರು ಒಂದೊಂದಾಗಿ ಬರುತ್ತಿದ್ದವು.

ಆ ಸುಳ್ಳು ಹೊತ್ತಿನಲ್ಲಿ ಕೋಣೆಯೇ ಬೇರೆಯಾಗುತ್ತಿತ್ತು. ಹೊರಗೆ ಸುಡುಬಿಸಿಲು, ಒಳಗೆ ಕೂತವರ ಮುಖದ ಮೇಲೆ ಹಸಿರು ಬೆಳಕು. ಟೈಪ್ ಕಲಿಯುವವರ ಬೆರಳೂ ನಿಂತುಬಿಡುತ್ತಿತ್ತು. ಏನನ್ನೂ ಮಾಡದ ಆ ಯಂತ್ರ ನಮ್ಮನ್ನೆಲ್ಲ ಕೇಳಿಸಿಕೊಳ್ಳುತ್ತಿದೆ ಎನ್ನಿಸಿ, ಅದನ್ನು ಬರೆದ ನನಗೇ ಭಯವಾಗುತ್ತಿತ್ತು.

ಕೆಲವು ದಿನ ಕಳೆದು ಅದೇ ತಾಯಿ ಮಗಳು ಮತ್ತೆ ಬಂದರು. "ಈ ಸಲ ಸರ್ಯಾಗಿ ನೋಡಪ್ಪಾ. ನಾಳೆ ಅವ್ರಿಗೆ ಮಾತು ಕೊಡ್ಬೇಕು" ಎಂದರು ತಾಯಿ.

ಕೀ ಒತ್ತಿದೆ. ರವಿ, ಚಂದ್ರ, ಕುಜ. ಉತ್ತರ ಒಳಗೆ ಸಿದ್ಧವಾಗಿ ಕೂತಿದೆ ಎಂಬುದು ನನಗೆ ಗೊತ್ತಿತ್ತು. ತಾಯಿ ಕೈ ಮುಗಿದುಕೊಂಡಿದ್ದರು. ಶನಿಯ ಹೆಸರು ಬಂದಾಗ ಮಗಳು ತಲೆಯೆತ್ತಿದಳು. ಅವಳು ಕೇಳಿದ್ದು ತಾಯಿಯನ್ನಲ್ಲ, ಪರದೆಯನ್ನು.

"ಅವನ ಮೊದ್ಲನೇ ಹೆಂಡ್ತಿ ಹೆಂಗೆ ಸತ್ಲು ಅಂತ ನಿಂಗೊತ್ತಾ?"

ರಾಹು ಬಂತು. ತಾಯಿ ಮಗಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮುಗಿದ ಕೈ ಬಿಡಿಸಿ, "ಏಳವ್ವಾ, ಮನೆಗೆ ಹೋಗಾನ. ಈ ಸಂಬಂಧ ಬ್ಯಾಡ" ಎಂದರು. ಇಬ್ಬರೂ ಮೆಟ್ಟಿಲಿಳಿದು ಬಿಸಿಲಿಗೆ ಹೋದರು.

ಕೇತುವಿನ ನಂತರ ಉತ್ತರ ಬಂತು. ಸಾಲಾವಳಿ ಚೆನ್ನಾಗಿ ಕೂಡಿದೆ ಎಂದು ಅದು ಖಾಲಿ ಬೆಂಚಿಗೆ ಹೇಳಿತು.

ಮುಂದೆ ಇನ್ನೂ ವೇಗದ ಕಂಪ್ಯೂಟರ್ ಬಂದಾಗ, ಯಾರೂ ಹೇಳದಿದ್ದರೂ, ನಾನೇ ಕೂತು ಆ ಖಾಲಿ ಎಣಿಕೆಯನ್ನು ಇನ್ನಷ್ಟು ಉದ್ದ ಮಾಡಿದೆ.